ರೆಕಾರ್ಡಿಂಗ್ ಸರ್ವರ್ ಎರಡು ಗಂಟೆ ನಿಲ್ಲಿಸಬೇಕಿದೆ: ಯಾವುದು ಮೊದಲು, ಯಾವುದು ಕೊನೆಗೆ?

ಆಸ್ಪತ್ರೆ_ಐಟಿ:

ಎಲ್ಲರಿಗೂ ನಮಸ್ಕಾರ. ಮೈಸೂರಿನ ಆಸ್ಪತ್ರೆಯೊಂದರ ಸಿಸಿಟಿವಿ ಸರ್ವರನ್ನು ನಿರ್ವಹಣೆಗಾಗಿ ಸುಮಾರು ಎರಡು ಗಂಟೆ ನಿಲ್ಲಿಸಬೇಕಿದೆ. ಕೆಲಸ ನಾಲ್ಕು: ಯುಪಿಎಸ್ ಬ್ಯಾಟರಿ ಬದಲಿಸುವುದು, ಸರ್ವರ್‌ಗೆ ರ‍್ಯಾಮ್ ಸೇರಿಸುವುದು, ರೇಡ್ ಕಂಟ್ರೋಲರ್‌ಗೆ (ಹಲವು ಡಿಸ್ಕ್‌ಗಳನ್ನು ಒಂದೇ ಸಂಗ್ರಹವಾಗಿ ನಡೆಸುವ ಕಾರ್ಡ್) ಹೊಸ ಫರ್ಮ್‌ವೇರ್ (ಅದರೊಳಗಿನ ತಂತ್ರಾಂಶ) ಹಾಕುವುದು, ಒಳಗಿನ ಧೂಳು ತೆಗೆಯುವುದು.

ಇರುವ ವ್ಯವಸ್ಥೆ: 48 ಐಪಿ ಕ್ಯಾಮೆರಾ, ತಲಾ ಸರಾಸರಿ 4 ಎಂಬಿಪಿಎಸ್, ಇಡೀ ದಿನ ರೆಕಾರ್ಡಿಂಗ್, ಫೂಟೇಜ್ 30 ದಿನ ಇರುತ್ತದೆ. ವಿಂಡೋಸ್ ಸರ್ವರ್ 2019ರ ಮೇಲೆ ಮೈಲ್‌ಸ್ಟೋನ್ ಎಕ್ಸ್‌ಪ್ರೊಟೆಕ್ಟ್ ಎಂಬ ರೆಕಾರ್ಡಿಂಗ್ ತಂತ್ರಾಂಶ. ಅದರ ಮ್ಯಾನೇಜ್‌ಮೆಂಟ್, ರೆಕಾರ್ಡಿಂಗ್, ಎಸ್‌ಕ್ಯೂಎಲ್ (ಡೇಟಾಬೇಸ್) ಭಾಗ ಮೂರೂ ಒಂದೇ ಸರ್ವರ್‌ನಲ್ಲಿವೆ. ಎಸ್‌ಎಎಸ್ ಕೇಬಲ್‌ನಿಂದ ಜೋಡಿಸಿದ ಹೊರಗಿನ ಡಿಸ್ಕ್ ಶೆಲ್ಫ್, ಅದರಲ್ಲಿ 8 ಟಿಬಿಯ 12 ಡಿಸ್ಕ್, ರೇಡ್ 6. 24 ಪೋರ್ಟಿನ ಎರಡು ಪಿಒಇ ಸ್ವಿಚ್ (ನೆಟ್‌ವರ್ಕ್ ಕೇಬಲ್‌ನಲ್ಲೇ ಕ್ಯಾಮೆರಾಗೆ ಕರೆಂಟ್ ಕೊಡುವಂಥದ್ದು), 6 ಕೆವಿಎ ಆನ್‌ಲೈನ್ ಯುಪಿಎಸ್. ಇದು ನಿಂತಾಗ ಕೆಲಸ ಹಿಡಿಯುವ ಫೇಲ್‌ಓವರ್ ಸರ್ವರ್ ಇಲ್ಲ. ಡಿಸ್ಕ್‌ಗಳು ನಾಲ್ಕು ವರ್ಷದಿಂದ ನಿಲ್ಲದೆ ತಿರುಗುತ್ತಿವೆ.

ಹಳೆಯ ಫೂಟೇಜ್‌ಗೆ ಏನೂ ಆಗಬಾರದು, ರೆಕಾರ್ಡಿಂಗ್ ನಿಲ್ಲುವ ಸಮಯವೂ ಆದಷ್ಟು ಕಡಿಮೆ ಇರಬೇಕು. ಕ್ರಮ ಹೇಗಿರಬೇಕು? ಯಾವ ಹೊತ್ತು ಒಳ್ಳೆಯದು?

ರೇಡ್_ಆರು:

ಸರ್, ನಿಲ್ಲಿಸುವ ದಿನಕ್ಕಿಂತ ಒಂದು ವಾರ ಮೊದಲೇ ಕೆಲಸ ಶುರುವಾಗಬೇಕು. ನಾಲ್ಕು ವರ್ಷ ಬಿಸಿಯಾಗಿ ತಿರುಗಿದ ಡಿಸ್ಕ್‌ಗಳಲ್ಲಿ ಒಂದೆರಡು, ನಿಂತು ತಣ್ಣಗಾದ ಮೇಲೆ ಮತ್ತೆ ತಿರುಗದೇ ಇರಬಹುದು. ಬೇರಿಂಗ್ ಸವೆದಿರುತ್ತದೆ, ಓಡುತ್ತಿರುವಷ್ಟು ದಿನ ಅದು ಗೊತ್ತಾಗುವುದಿಲ್ಲ. ರೇಡ್ 6 ಎರಡು ಡಿಸ್ಕ್ ಹೋದರೂ ತಡೆಯುತ್ತದೆ, ಮೂರನೆಯದು ಹೋದರೆ 30 ದಿನದ ಫೂಟೇಜ್ ಪೂರ್ತಿ ಹೋಯಿತು. ಹಾಗಾಗಿ ಈಗಲೇ ಒಂದು ಡಿಸ್ಕ್ ಕೆಟ್ಟಿದ್ದರೆ ಅಥವಾ ರೀಬಿಲ್ಡ್ (ಬದಲಿಸಿದ ಡಿಸ್ಕ್‌ಗೆ ಡೇಟಾ ಮತ್ತೆ ತುಂಬುವುದು) ನಡೆಯುತ್ತಿದ್ದರೆ ನಿಲ್ಲಿಸುವ ಮಾತೇ ಬೇಡ.

ಕಂಟ್ರೋಲರ್ ಸಾಫ್ಟ್‌ವೇರ್‌ನಲ್ಲಿ ನೋಡಬೇಕಾದ್ದು: ವರ್ಚುವಲ್ ಡಿಸ್ಕ್ 'ಆಪ್ಟಿಮಲ್' ಇದೆಯೇ, 12 ಡಿಸ್ಕ್‌ಗಳಲ್ಲಿ ಯಾವುದಕ್ಕಾದರೂ 'ಪ್ರಿಡಿಕ್ಟಿವ್ ಫೇಲ್ಯೂರ್' ಬಂದಿದೆಯೇ, ಮೀಡಿಯಾ ಎರರ್ ಎಣಿಕೆ ಎಲ್ಲಿ ಏರುತ್ತಿದೆ, ಕ್ಯಾಶ್ ಬ್ಯಾಟರಿ (ಡಿಸ್ಕ್‌ಗೆ ಬರೆಯುವ ಮೊದಲು ಡೇಟಾ ಹಿಡಿದಿಡುವ ಕಂಟ್ರೋಲರ್ ಮೆಮೊರಿಯ ಬ್ಯಾಟರಿ) ಸ್ಥಿತಿ ಏನು. ಆಮೇಲೆ ಕನ್ಸಿಸ್ಟೆನ್ಸಿ ಚೆಕ್ (ಎಲ್ಲ ಡಿಸ್ಕ್ ಪೂರ್ತಿ ಓದಿ ಹೊಂದಿಕೆ ನೋಡುವುದು) ಓಡಿಸಿ. ಯಾರೂ ಓದದೆ ಬಿಟ್ಟ ಜಾಗದಲ್ಲಿರುವ ಕೆಟ್ಟ ಸೆಕ್ಟರ್‌ಗಳು ಹೊರಬರುವುದು ಆಗಲೇ. ಅನುಮಾನದ ಡಿಸ್ಕ್ ಇದ್ದರೆ ನಿಲ್ಲಿಸುವ ಮೊದಲೇ ಬದಲಿಸಿ, ರೀಬಿಲ್ಡ್ ಮುಗಿಯಲು ಬಿಡಿ. 8 ಟಿಬಿ ಡಿಸ್ಕ್ ಸೆಕೆಂಡಿಗೆ 100 ಎಂಬಿ ವೇಗದಲ್ಲಿ ಭರ್ತಿಯಾದರೂ 22 ಗಂಟೆ ಬೇಕು. ಜೊತೆಗೆ 48 ಕ್ಯಾಮೆರಾದ ಬರವಣಿಗೆಯೂ ಇರುವುದರಿಂದ ಎರಡು ಮೂರು ದಿನ ಹಿಡಿಯಬಹುದು ಎಂದುಕೊಂಡೇ ದಿನ ಗೊತ್ತು ಮಾಡಿ. ಅದೇ ಗಾತ್ರದ ಎರಡು ಹೊಸ ಡಿಸ್ಕ್ ಕೈಯಲ್ಲಿರಲಿ. ಅಂಗಡಿಯಲ್ಲಿ ಸಿಗುತ್ತದೆ ಅನ್ನುವುದು ಕೈಯಲ್ಲಿದ್ದಂತೆ ಅಲ್ಲ.

ನಿಲ್ಲಿಸುವ ಕ್ರಮ ಹೀಗೆ:

ಮೊದಲು ಕಂಟ್ರೋಲ್ ರೂಮಿನ ಕ್ಲೈಂಟ್‌ಗಳು, ವಿಡಿಯೊ ವಾಲ್. ಎಕ್ಸ್‌ಪೋರ್ಟ್ ಯಾವುದಾದರೂ ಓಡುತ್ತಿದ್ದರೆ ಮುಗಿಯಲಿ. ನಂತರ ಟ್ರೇ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ ರೆಕಾರ್ಡಿಂಗ್ ಸರ್ವರ್ ಸರ್ವಿಸ್ ನಿಲ್ಲಿಸಿ, ಐಕಾನ್ ಕೆಂಪಾಗುವವರೆಗೆ ಕಾಯಿರಿ. ಸರ್ವಿಸ್ ನಿಂತರೂ ಡಿಸ್ಕ್ ಬರವಣಿಗೆ ನಿಂತಿದೆಯೇ ಎಂದು ರಿಸೋರ್ಸ್ ಮಾನಿಟರ್‌ನಲ್ಲಿ ನೋಡಿ. ಆಮೇಲೆ ಇವೆಂಟ್ ಸರ್ವರ್, ಮ್ಯಾನೇಜ್‌ಮೆಂಟ್ ಸರ್ವರ್, ಕೊನೆಗೆ ಎಸ್‌ಕ್ಯೂಎಲ್. ಇಷ್ಟಾದ ಮೇಲೆ ವಿಂಡೋಸ್ ಶಟ್‌ಡೌನ್.

ನೇರವಾಗಿ ವಿಂಡೋಸ್ ಶಟ್‌ಡೌನ್ ಒತ್ತಿದರೆ ಏನಾಗುತ್ತದೆ? ಸರ್ವಿಸ್‌ಗಳು ತಾವಾಗಿ ಮುಚ್ಚಿಕೊಳ್ಳಲು ವಿಂಡೋಸ್ ಕೊಡುವುದು ಕೆಲವೇ ಸೆಕೆಂಡು. 48 ಕ್ಯಾಮೆರಾದ ತೆರೆದ ಕಡತಗಳನ್ನು ಮುಚ್ಚಲು ಅದು ಸಾಲದಿದ್ದರೆ ಸರ್ವಿಸನ್ನು ಅರ್ಧದಲ್ಲೇ ಕೊಲ್ಲುತ್ತದೆ. ಮುಂದಿನ ಸಲ ಎದ್ದಾಗ ಡೇಟಾಬೇಸ್ ದುರಸ್ತಿ ಓಡುತ್ತದೆ. ಅದು ಮುಗಿಯುವ ತನಕ ಆ ಕ್ಯಾಮೆರಾಗಳ ರೆಕಾರ್ಡಿಂಗ್ ತಡವಾಗುತ್ತದೆ.

ಸರ್ವರ್ ಪೂರ್ತಿ ಆಫ್ ಆದ ಮೇಲೆ ಮಾತ್ರ ಡಿಸ್ಕ್ ಶೆಲ್ಫ್ ಆಫ್. ಹಿಂದುಮುಂದಾದರೆ, ಕಂಟ್ರೋಲರ್ ಕ್ಯಾಶ್‌ನಲ್ಲಿ ಉಳಿದ ಡೇಟಾ ಬರೆಯಲು ಡಿಸ್ಕ್ ಇರುವುದಿಲ್ಲ. ಎದ್ದಾಗ 'ಪ್ರಿಸರ್ವ್ಡ್ ಕ್ಯಾಶ್' ಎಂಬ ಸಂದೇಶ ಬಂದು ಬೂಟ್ ನಿಲ್ಲುತ್ತದೆ.

ಹುಬ್ಬಳ್ಳಿ_ನೆಟ್‌ವರ್ಕ್:

ಯುಪಿಎಸ್ ಕೆಲಸ ಅಂದ ಕೂಡಲೇ ಎಲ್ಲಾ ಆಫ್ ಮಾಡಬ್ಯಾಡ್ರಿ. ಪಿಒಇ ಸ್ವಿಚ್ ಆರಿದ್ರ ಕ್ಯಾಮೆರಾನೂ ಆರತಾವು, ಆಗ ಸರ್ವರ್ ನಿಂತಾಗ ಕ್ಯಾಮೆರಾ ತನ್ನೊಳಗೇ ಬರಕೊಳ್ಳೋ ಎಸ್‌ಡಿ ಕಾರ್ಡ್ ಇದ್ದರೂ ಉಪಯೋಗ ಇಲ್ಲ. ಯುಪಿಎಸ್‌ಗೆ ಮೆಂಟೆನೆನ್ಸ್ ಬೈಪಾಸ್ ಸ್ವಿಚ್ ಇರತೈತಿ, ಅದಕ್ಕ ಹಾಕಿ ಎರಡೂ ಪಿಒಇ ಸ್ವಿಚ್ ಮತ್ತು ಕೋರ್ ಸ್ವಿಚ್ ಚಾಲೂ ಇಡ್ರಿ. ಬೈಪಾಸ್‌ನಾಗ ಇದ್ದಾಗ ಸೀದಾ ಲೈನ್ ಕರೆಂಟ್, ಒಂದು ಡಿಪ್ ಬಂದರೂ ಸ್ವಿಚ್ ರೀಸ್ಟಾರ್ಟ್ ಆಗತಾವು. ಅದಕ್ಕ ಸರ್ವರ್ ಮತ್ತು ಡಿಸ್ಕ್ ಶೆಲ್ಫ್ ಆ ಹೊತ್ತಿನಾಗ ಆಫ್ ಇರಬೇಕು, ಪಿಡಿಯು (ಕರೆಂಟ್ ಹಂಚೋ ಪ್ಲಗ್ ಪಟ್ಟಿ) ಮಟ್ಟದಾಗ ಆಫ್.

ಬ್ಯಾಟರಿ ಕೆಲಸ ಹಗುರ ಅಂತ ತಿಳೀಬ್ಯಾಡ್ರಿ. 6 ಕೆವಿಎಗೆ 12 ವೋಲ್ಟಿನ 16 ಬ್ಯಾಟರಿ ಸಾಲಾಗಿ ಇದ್ದರ ಚಾರ್ಜ್ ಆಗುವಾಗ ಸುಮಾರು 218 ವೋಲ್ಟ್ ಡಿಸಿ. ಹಿಡಕೊಂಡರ ಬಿಡಂಗಿಲ್ಲ ಅದು. ಮೊದಲು ಬ್ಯಾಟರಿ ಎಂಸಿಬಿ ಇಳಿಸ್ರಿ, ಆಮೇಲೆ ಸಾಲಿನ ನಡುವಿನ ಒಂದು ಲಿಂಕ್ ಬಿಚ್ಚಿ ಸರಣಿ ಎರಡು ಭಾಗ ಮಾಡ್ರಿ, ಆಮೇಲೆ ಉಳಿದದ್ದು. ಹಿಡಿಕೆಗೆ ಇನ್ಸುಲೇಶನ್ ಇರುವ ಸ್ಪ್ಯಾನರ್, ಕೈಯಾಗ ಉಂಗುರ ವಾಚು ಬ್ಯಾಡ. 16ಕ್ಕ 16 ಒಂದೇ ಕಂಪನಿ, ಒಂದೇ ತಯಾರಿಕೆ ತಿಂಗಳು. ಎರಡು ಹೊಸದು ಹದಿನಾಲ್ಕು ಹಳೇದು ಹಾಕಿದರ ಹಳೇದರ ಜೊತಿ ಹೊಸದೂ ಬೇಗ ಸಾಯತಾವು.

ಆಸ್ಪತ್ರೆ_ಐಟಿ:

ಉಪಯುಕ್ತ ಮಾಹಿತಿ, ಇಬ್ಬರಿಗೂ ಧನ್ಯವಾದ. ಕ್ಯಾಮೆರಾಗಳಲ್ಲಿ ಎಸ್‌ಡಿ ಸ್ಲಾಟ್ ಇದೆ, ಕಾರ್ಡ್ ಇಲ್ಲ. 48ಕ್ಕೂ ಹಾಕಬೇಕೇ?

ಹುಬ್ಬಳ್ಳಿ_ನೆಟ್‌ವರ್ಕ್:

ಲೆಕ್ಕ ನೋಡ್ರಿ. 4 ಎಂಬಿಪಿಎಸ್ ಅಂದರ ಗಂಟೆಗೆ 1.8 ಜಿಬಿ. ಎರಡು ಗಂಟೆಗೆ 3.6 ಜಿಬಿ. 64 ಜಿಬಿ ಕಾರ್ಡ್ 30 ತಾಸಿಗೂ ಮಿಕ್ಕಿ ಬರತೈತಿ. ಎಲ್ಲಾ 48ಕ್ಕ ಆಗದಿದ್ದರ ಕ್ಯಾಶ್ ಕೌಂಟರ್, ಔಷಧಿ ಅಂಗಡಿ, ತುರ್ತು ಚಿಕಿತ್ಸೆ ಬಾಗಿಲು, ನವಜಾತ ಶಿಶು ವಾರ್ಡಿನ ಬಾಗಿಲು, ಮುಖ್ಯ ಗೇಟು, ಪಾರ್ಕಿಂಗ್ ನಿರ್ಗಮನ, ಇಷ್ಟಕ್ಕಾದರೂ ಹಾಕ್ರಿ. ಹೈ ಎಂಡ್ಯೂರೆನ್ಸ್ ಕಾರ್ಡೇ ಇರಲಿ, ಮೊಬೈಲ್‌ನ ಮಾಮೂಲಿ ಕಾರ್ಡ್ ಸತತ ಬರೆಯೋದಕ್ಕ ತಾಳಂಗಿಲ್ಲ. ಕ್ಯಾಮೆರಾದ ವೆಬ್ ಪುಟದಾಗೇ ಫಾರ್ಮ್ಯಾಟ್ ಮಾಡ್ರಿ, ಒಂದು ದಿನ ಮೊದಲು ಒಂದು ಕ್ಯಾಮೆರಾದ ಸರ್ವರ್ ಸಂಪರ್ಕ ಹತ್ತು ನಿಮಿಷ ತಪ್ಪಿಸಿ, ಕಾರ್ಡಿನ ಭಾಗ ವಾಪಸ್ ಟೈಮ್‌ಲೈನ್‌ಗೆ ಬರತೈತೋ ಇಲ್ಲೋ ಪರೀಕ್ಷೆ ಮಾಡ್ರಿ. ನಿಮ್ಮ ಎಕ್ಸ್‌ಪ್ರೊಟೆಕ್ಟ್ ಲೈಸೆನ್ಸ್‌ನಾಗ ಎಡ್ಜ್ ಸ್ಟೋರೇಜ್ (ಕಾರ್ಡಿನ ಭಾಗ ಸರ್ವರ್‌ಗೆ ಎಳಕೊಳ್ಳೋ ಸೌಲಭ್ಯ) ಐತೋ ಇಲ್ಲೋ ಮೊದಲು ನೋಡ್ರಿ, ಎಲ್ಲಾ ದರ್ಜೆಯಾಗ ಇರಂಗಿಲ್ಲ. ಇಲ್ಲದಿದ್ದರೂ ಕಾರ್ಡಿನಿಂದ ನೇರ ಡೌನ್‌ಲೋಡ್ ಮಾಡಿ ಬೇರೆ ಇಟ್ಟುಕೋಬಹುದು.

ಇನ್ನೊಂದು: ಕ್ಯಾಮೆರಾಗಳಿಗೆ ಐಪಿ ವಿಳಾಸ ಡಿಎಚ್‌ಸಿಪಿಯಿಂದ (ವಿಳಾಸ ತಾನಾಗೇ ಹಂಚೋ ಸೇವೆ) ಬರತಿದ್ದರ, ಆ ಡಿಎಚ್‌ಸಿಪಿ ಇದೇ ಸರ್ವರ್‌ನಾಗ ಇದ್ದರ, ಮೊದಲು ಸ್ಥಿರ ಐಪಿ ಮಾಡ್ರಿ.

ಗಡಿಯಾರ_ಸರಿ:

ಮೇಲಿನವರು ನಿಲ್ಲಿಸುವುದನ್ನು ಚೆನ್ನಾಗಿ ಹೇಳಿದ್ದಾರೆ. ನನ್ನ ಮಟ್ಟಿಗೆ ಹೆಚ್ಚಿನ ಅಪಾಯ ನಿಲ್ಲಿಸುವಾಗ ಇರುವುದಿಲ್ಲ, ಎದ್ದ ಮೇಲಿನ ಮೊದಲ ಹತ್ತು ನಿಮಿಷದಲ್ಲಿರುತ್ತದೆ. ಹಳೆಯ ಫೂಟೇಜ್ ಅಳಿಸುವ ಅಧಿಕಾರ ಇರುವುದು ರೆಕಾರ್ಡಿಂಗ್ ಸರ್ವಿಸ್‌ಗೆ. ಅದು ಗಡಿಯಾರ ನೋಡಿ 30 ದಿನ ದಾಟಿದ್ದನ್ನು ಅಳಿಸುತ್ತದೆ. ಆ ಗಡಿಯಾರವೇ ತಪ್ಪಿದ್ದರೆ?

ಮದರ್‌ಬೋರ್ಡ್ ಮೇಲೆ ಸಿಆರ್2032 ನಾಣ್ಯದ ಬ್ಯಾಟರಿ ಇರುತ್ತದೆ, 3 ವೋಲ್ಟ್. ಸರ್ವರ್ ವರ್ಷಗಟ್ಟಲೆ ಓಡುತ್ತಿರುವಾಗ ಅದು ಸತ್ತಿದ್ದರೂ ಯಾರಿಗೂ ತಿಳಿಯುವುದಿಲ್ಲ, ಏಕೆಂದರೆ ಕರೆಂಟ್ ಇರುವ ತನಕ ಅದರ ಅಗತ್ಯವಿಲ್ಲ. ನೀವು ಪ್ಲಗ್ ತೆಗೆದ ದಿನ ತಾರೀಖು ಹಿಂದಿನ ಯಾವುದೋ ವರ್ಷಕ್ಕೆ ಹೋಗುತ್ತದೆ. ಹಿಂದೆ ಹೋದರೆ ಹೊಸ ರೆಕಾರ್ಡಿಂಗ್ ಆ ಹಳೆಯ ತಾರೀಖಿನಲ್ಲಿ ಬೀಳುತ್ತದೆ, ಟೈಮ್‌ಲೈನ್‌ನಲ್ಲಿ ಇವತ್ತಿನ ದಿನ ಖಾಲಿ ಕಾಣುತ್ತದೆ. ಕೈಯಿಂದ ತಾರೀಖು ತಿದ್ದುವಾಗ ವರ್ಷ ತಪ್ಪಿ ಮುಂದಕ್ಕೆ ಹೋದರೆ ಇನ್ನೂ ಕಷ್ಟ: ಇಡೀ ಸಂಗ್ರಹವೇ 30 ದಿನ ದಾಟಿದಂತೆ ಕಂಡು ಅಳಿಸಲು ಶುರುವಾಗುತ್ತದೆ. ಆ ಅಳಿಸುವಿಕೆಗೆ ವಾಪಸ್ ಇಲ್ಲ. ಡೊಮೇನ್‌ಗೆ ಸೇರಿದ ಸರ್ವರ್ ಆದರೆ ಗಡಿಯಾರ ಐದು ನಿಮಿಷಕ್ಕಿಂತ ಹೆಚ್ಚು ತಪ್ಪಿದಾಗ ಲಾಗಿನ್ ಕೂಡ ಆಗದೇ ಹೋಗಬಹುದು.

ಆದ್ದರಿಂದ ಈ ಕ್ರಮ: ನಿಲ್ಲಿಸುವ ಮೊದಲು ಸರ್ವಿಸಸ್ ಪಟ್ಟಿಯಲ್ಲಿ ರೆಕಾರ್ಡಿಂಗ್ ಸರ್ವರ್‌ನ ಸ್ಟಾರ್ಟ್‌ಅಪ್ ಟೈಪ್ 'ಮ್ಯಾನ್ಯುಯಲ್' ಮಾಡಿ. ಆಗ ಸರ್ವರ್ ಎದ್ದರೂ ರೆಕಾರ್ಡಿಂಗ್ ಸರ್ವಿಸ್ ಏಳುವುದಿಲ್ಲ. ನೀವು ಮೊದಲು ಗಡಿಯಾರ ನೋಡಿ, ನಂತರ ಸ್ಟೋರೇಜ್ ನೋಡಿ, ಎರಡೂ ಸರಿ ಎಂದಾದ ಮೇಲೆ ನಿಮ್ಮ ಕೈಯಿಂದಲೇ ಸ್ಟಾರ್ಟ್ ಮಾಡಿ. ಸಿಆರ್2032 ಬ್ಯಾಟರಿಯನ್ನು ಹೇಗೂ ಮುಚ್ಚಳ ತೆರೆದಿರುತ್ತೀರಿ, ಅಳೆಯುತ್ತ ಕೂರಬೇಡಿ, ಹೊಸದು ಹಾಕಿಬಿಡಿ. ಹಾಕಿದ ಮೇಲೆ ಬಯಾಸ್‌ಗೆ (ವಿಂಡೋಸ್‌ಗೂ ಮೊದಲು ಬರುವ ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆ) ಹೋಗಿ ದಿನ, ತಿಂಗಳು, ವರ್ಷ, ಗಂಟೆ ಸರಿಮಾಡಿಯೇ ವಿಂಡೋಸ್‌ಗೆ ಬಿಡಿ.

ಬಯಾಸ್ ಗಡಿಯಾರದಲ್ಲಿ ವಿಂಡೋಸ್ ಸ್ಥಳೀಯ ಸಮಯ ಬರೆಯುತ್ತದೆ, ಲಿನಕ್ಸ್ ಸಾಮಾನ್ಯವಾಗಿ ಯುಟಿಸಿ ಬರೆಯುತ್ತದೆ. ಫರ್ಮ್‌ವೇರ್ ಹಾಕಲು ಲಿನಕ್ಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದ್ದರೆ ನಂತರ ವಿಂಡೋಸ್‌ನಲ್ಲಿ ಸಮಯ ಐದೂವರೆ ಗಂಟೆ ಆಚೀಚೆ ಆಗಿರಬಹುದು. ತಾರೀಖು ಸರಿಯಿರುವುದರಿಂದ ಕಣ್ಣು ತಪ್ಪುವ ಸಾಧ್ಯತೆ ಹೆಚ್ಚು.

ಎನ್‌ಟಿಪಿ (ನೆಟ್‌ವರ್ಕ್ ಮೂಲಕ ಗಡಿಯಾರ ಹೊಂದಿಸುವುದು) ಒಂದೇ ಕಡೆಯಿಂದ ಇರಲಿ: ಆಸ್ಪತ್ರೆಯೊಳಗಿನ ಒಂದು ಎನ್‌ಟಿಪಿ ಸರ್ವರ್, ಅದು ಎನ್‌ಐಸಿ ಅಥವಾ ಎನ್‌ಪಿಎಲ್ ಎಂಬ ಕೇಂದ್ರ ಸರ್ಕಾರಿ ಸಂಸ್ಥೆಯ ಸರ್ವರಿನಿಂದ ಸಮಯ ತೆಗೆದುಕೊಳ್ಳಲಿ. 2022ರ ಏಪ್ರಿಲ್ 28ರ ಸರ್ಟ್-ಇನ್ (ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ) ನಿರ್ದೇಶನ ಹೇಳುವುದೂ ಇದನ್ನೇ. ಕ್ಯಾಮೆರಾ, ಸರ್ವರ್, ಕ್ಲೈಂಟ್ ಎಲ್ಲವೂ ಆ ಒಳಗಿನ ಸರ್ವರ್ ಕಡೆಗೇ ನೋಡಲಿ. ಎಸ್‌ಡಿ ಕಾರ್ಡಿನ ಭಾಗ ಸರಿಯಾದ ಜಾಗದಲ್ಲಿ ಕೂರಬೇಕಾದರೆ ಕ್ಯಾಮೆರಾದ ಗಡಿಯಾರವೂ ಸೆಕೆಂಡಿನ ಮಟ್ಟಿಗೆ ಹೊಂದಬೇಕು.

ಮಂಗಳೂರು_ಸೆಕ್ಯುರಿಟಿ:

ಸಮಯದ ಬಗ್ಗೆ: ರಾತ್ರಿ 2ರಿಂದ 4. ಆಸ್ಪತ್ರೆಯಲ್ಲಿ ಜನ ಕಡಿಮೆ, ಹೊರರೋಗಿ ವಿಭಾಗ ಬಂದ್.

ರೇಡ್_ಆರು:

ಒಪ್ಪುವುದಿಲ್ಲ ಸರ್. ರಾತ್ರಿ ಎರಡಕ್ಕೆ ಒಂದು ಎಸ್‌ಎಎಸ್ ಕೇಬಲ್ ಕೈಕೊಟ್ಟರೆ ತರಲು ಯಾವ ಅಂಗಡಿ ತೆರೆದಿರುತ್ತದೆ? ವಾರಂಟಿ ಇರುವ ಕಂಪನಿಯ ಎಂಜಿನಿಯರ್ ಬೆಳಿಗ್ಗೆ ತನಕ ಬರುವುದಿಲ್ಲ, ಎರಡು ಗಂಟೆಯ ಕೆಲಸ ಹತ್ತು ಗಂಟೆಗೆ ಎಳೆಯುತ್ತದೆ. ಕಾವಲುಗಾರರೂ ರಾತ್ರಿ ಕಡಿಮೆ. ಕ್ಯಾಮೆರಾ ನಿಂತಿರುವ ಹೊತ್ತಿನಲ್ಲಿ ಅವರ ಕಣ್ಣೇ ಬೇಕಲ್ಲ. ಮಂಗಳವಾರ ಅಥವಾ ಬುಧವಾರ ಬೆಳಿಗ್ಗೆ 6ಕ್ಕೆ ಶುರು ಮಾಡಿ. ಎಲ್ಲ ಸರಿಹೋದರೆ 8ಕ್ಕೆ ಮುಗಿಯುತ್ತದೆ, ಹೊರರೋಗಿಗಳ ಸಾಲು ಬೆಳೆಯುವ ಮೊದಲು. ಕೆಟ್ಟರೆ ಅಂಗಡಿ ತೆರೆದ ಕೂಡಲೇ ಬೆಂಗಳೂರಿಗೆ ಫೋನ್ ಮಾಡಿ ಬಿಡಿಭಾಗ ತರಿಸಬಹುದು. ಶುಕ್ರವಾರ ಸಂಜೆ ಮತ್ತು ಹಬ್ಬದ ಹಿಂದಿನ ದಿನ ಬೇಡವೇ ಬೇಡ.

ಮಂಗಳೂರು_ಸೆಕ್ಯುರಿಟಿ:

ಬಿಡಿಭಾಗದ ಮಾತು ಸರಿ. ಹಾಗಾದರೆ ಆ ಎರಡು ಗಂಟೆ ಎಸ್‌ಡಿ ಇಲ್ಲದ ಕ್ಯಾಮೆರಾಗಳ ಜಾಗಕ್ಕೆ ಹೆಚ್ಚುವರಿ ಗಾರ್ಡ್ ಹಾಕಿ, ಯಾರು ಎಲ್ಲಿ ನಿಂತರು ಎಂದು ಬರೆದಿಡಿ. ದೇವಸ್ಥಾನದವರು ಇದನ್ನು ಓದುತ್ತಿದ್ದರೆ: ಹುಂಡಿ ಎಣಿಕೆಯ ದಿನ ಮತ್ತು ಅದರ ಹಿಂದಿನ ದಿನ ಸರ್ವರ್ ಮುಟ್ಟಬೇಡಿ.

ದಾಖಲೆ_ಕಾಯಿದೆ:

ಫೂಟೇಜ್ ಇಡುವ ಕಾನೂನಿನ ಬದಿಯನ್ನೂ ನೋಡಿಕೊಳ್ಳಿ. ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕ್ರಮಗಳ ಜಾರಿ ಕಾಯ್ದೆ, ಒಂದೇ ಹೊತ್ತಿಗೆ 100 ಜನ ಅಥವಾ ದಿನಕ್ಕೆ 500 ಜನ ಸೇರುವ ಸಂಸ್ಥೆಗಳಿಗೆ ಅನ್ವಯ, ಆಸ್ಪತ್ರೆಗಳೂ ಅದರಲ್ಲಿವೆ. ಫೂಟೇಜ್ 30 ದಿನ ಇಡಬೇಕು. ನಿಮ್ಮ ಲೆಕ್ಕ ಅದಕ್ಕೆ ಸಾಲುತ್ತದೆ: 48 ಕ್ಯಾಮೆರಾ ಸೇರಿ ಸೆಕೆಂಡಿಗೆ 24 ಎಂಬಿ, ದಿನಕ್ಕೆ 2.07 ಟಿಬಿ, 30 ದಿನಕ್ಕೆ 62 ಟಿಬಿ. ರೇಡ್ 6ರಲ್ಲಿ ಉಳಿಯುವ ಜಾಗ 80 ಟಿಬಿ. ಆದರೆ ಬಿಟ್‌ರೇಟ್ ಏರಿಸುವ ಯೋಚನೆ ಇದ್ದರೆ ಮತ್ತೆ ಲೆಕ್ಕ ಹಾಕಿ.

ಪೊಲೀಸರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಂ ಪ್ರಕಾರ ಫೂಟೇಜ್ ಕೇಳಿ ನೋಟಿಸ್ ಬಂದಿದ್ದರೆ, ಆ ತುಣುಕುಗಳನ್ನು ಸರ್ವರ್ ನಿಲ್ಲಿಸುವ ಮೊದಲೇ ಎಕ್ಸ್‌ಪೋರ್ಟ್ ಮಾಡಿ ಎರಡು ಕಡೆ ಇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂನ ಪ್ರಮಾಣಪತ್ರದಲ್ಲಿ ಹ್ಯಾಶ್ ಮೌಲ್ಯ (ಕಡತದ ಬೆರಳಚ್ಚಿನಂಥ ಸಂಖ್ಯೆ) ಬರೆಯಬೇಕು. ಎಕ್ಸ್‌ಪೋರ್ಟ್ ಆದ ಕೂಡಲೇ ಎಸ್‌ಎಚ್‌ಎ-256 ಹ್ಯಾಶ್ ತೆಗೆದು ಬರೆದಿಡಿ. ಆ ಪ್ರಮಾಣಪತ್ರದಲ್ಲಿ ಯಂತ್ರ ಸರಿಯಾಗಿ ಕೆಲಸ ಮಾಡುತ್ತಿತ್ತು ಎಂದೂ, ಇಲ್ಲದಿದ್ದ ಹೊತ್ತು ದಾಖಲೆಯ ನಿಖರತೆಗೆ ಧಕ್ಕೆ ತರಲಿಲ್ಲ ಎಂದೂ ಹೇಳಬೇಕಾಗುತ್ತದೆ. ನಿಮ್ಮ ಎರಡು ಗಂಟೆಯ ಖಾಲಿ ಜಾಗವನ್ನು ವಕೀಲರು ಪ್ರಶ್ನಿಸುವುದು ಅಲ್ಲೇ.

ಆದ್ದರಿಂದ ರಿಜಿಸ್ಟರ್ ಬರೆಯಿರಿ. ನಿಲ್ಲಿಸಲು ಲಿಖಿತ ಅನುಮತಿ ಯಾರದು, ಕಾರಣ, ರೆಕಾರ್ಡಿಂಗ್ ಸರ್ವಿಸ್ ನಿಂತ ಸಮಯ ಸೆಕೆಂಡ್ ಸಹಿತ, ಮತ್ತೆ ಶುರುವಾದ ಸಮಯ, ಪ್ರತಿ ಕ್ಯಾಮೆರಾದ ಕೊನೆಯ ಫ್ರೇಮ್ ಮತ್ತು ಮೊದಲ ಹೊಸ ಫ್ರೇಮ್‌ನ ಸಮಯ, ಕೋಣೆಯೊಳಗೆ ಇದ್ದವರು, ಬದಲಿಸಿದ ಬಿಡಿಭಾಗದ ಸೀರಿಯಲ್ ನಂಬರ್. ಹೊರಗೆ ತೆಗೆದ ಡಿಸ್ಕ್ ಇದ್ದರೆ ಅದರ ಸೀರಿಯಲ್ ನಂಬರ್ ಬರೆದು ಬೀಗದಲ್ಲಿಡಿ. ವಾರಂಟಿ ಬದಲಾವಣೆಗೆ ಕಳಿಸುವ ಮುನ್ನ ಆಡಳಿತದ ಒಪ್ಪಿಗೆ ಬೇಕು, ಅದರಲ್ಲಿ ರೋಗಿಗಳ ದೃಶ್ಯಗಳ ತುಣುಕುಗಳಿರುತ್ತವೆ.

ಅಪಾರ್ಟ್‌ಮೆಂಟ್_ಕಾರ್ಯದರ್ಶಿ:

ನಮ್ಮದು ಸಣ್ಣದು, 16 ಚಾನಲ್ ಎನ್‌ವಿಆರ್ (ರೆಕಾರ್ಡರ್ ಪೆಟ್ಟಿಗೆ), ಒಳಗೆ ಎರಡು ಹಾರ್ಡ್ ಡಿಸ್ಕ್. ಎಲೆಕ್ಟ್ರಿಷಿಯನ್ ಬಂದಾಗ ಪ್ಲಗ್ ಎಳೆದರೆ ತೊಂದರೆಯೇ?

ಮಂಗಳೂರು_ಸೆಕ್ಯುರಿಟಿ:

ತೊಂದರೆ. ಮೆನುವಿನಲ್ಲಿ ಶಟ್‌ಡೌನ್ ಆಯ್ಕೆ ಇರುತ್ತದೆ, ಅದನ್ನೇ ಒತ್ತಿ. ಪರದೆ ಕಪ್ಪಾದ ಮೇಲೂ ಅರ್ಧ ನಿಮಿಷ ಕಾದು, ಡಿಸ್ಕ್ ಸದ್ದು ನಿಂತ ಮೇಲೆ ಹಿಂದಿನ ಸ್ವಿಚ್ ಅಥವಾ ಅಡಾಪ್ಟರ್ ತೆಗೆಯಿರಿ. ಬರೆಯುತ್ತಿರುವಾಗ ಪ್ಲಗ್ ಎಳೆದರೆ ಆ ಹೊತ್ತಿನ ಕಡತ ಮಾತ್ರ ಹಾಳಾಗುವುದಿಲ್ಲ, ಯಾವ ದಿನದ ವಿಡಿಯೊ ಎಲ್ಲಿದೆ ಎಂದು ಹೇಳುವ ಸೂಚಿಯೂ ಕೆಡಬಹುದು. ವಿಡಿಯೊ ಡಿಸ್ಕ್‌ನಲ್ಲೇ ಇರುತ್ತದೆ, ಎನ್‌ವಿಆರ್‌ಗೆ ಮಾತ್ರ ಕಾಣಿಸುವುದಿಲ್ಲ.

ಮುಖ್ಯವಾದದ್ದು ಈಗ ಹೇಳುತ್ತೇನೆ. ಮತ್ತೆ ಆನ್ ಮಾಡಿದಾಗ ಡಿಸ್ಕ್ 'ಅನ್‌ಇನಿಷಿಯಲೈಸ್ಡ್' ಎಂದು ತೋರಿಸಿ, ಪಕ್ಕದಲ್ಲಿ 'ಇನಿಷಿಯಲೈಸ್' ಬಟನ್ ಕಾಣಿಸಿದರೆ ಒತ್ತಬೇಡಿ. ಅದು ಫಾರ್ಮ್ಯಾಟ್. ಮೊದಲು ಎನ್‌ವಿಆರ್ ಸರಿಯಾಗಿ ಆಫ್ ಮಾಡಿ, ಪ್ಲಗ್ ತೆಗೆದು, ಡಿಸ್ಕ್‌ನ ಸಾಟಾ ಕೇಬಲ್ ಮತ್ತು ಪವರ್ ಕೇಬಲ್ ಬಿಗಿಯಾಗಿ ಕೂರಿಸಿ ಮತ್ತೆ ಆನ್ ಮಾಡಿ. ಎಷ್ಟೋ ಸಲ ಕೇಬಲ್ಲೇ ಕಾರಣ. ಆಗಲೂ ಬರದಿದ್ದರೆ, ಫೂಟೇಜ್ ಬೇಕಾಗಿದ್ದರೆ, ಡಿಸ್ಕ್ ತೆಗೆದಿಟ್ಟು ಹೊಸದು ಹಾಕಿ.

ರೇಡ್_ಆರು:

ಇದನ್ನೇ ದೊಡ್ಡ ಸರ್ವರ್‌ಗೂ ಹೇಳಬೇಕು. ಮೂರು ಕಡೆ ಪರದೆ ನಿಮ್ಮನ್ನು ಒಪ್ಪಿಗೆ ಕೇಳುತ್ತದೆ. ರೇಡ್ ಕಂಟ್ರೋಲರ್ 'ಫಾರಿನ್ ಕಾನ್ಫಿಗರೇಶನ್' (ಡಿಸ್ಕ್‌ಗಳ ಮೇಲಿರುವ ಅರೇ ವಿವರ ತನ್ನದಲ್ಲ) ಎಂದಾಗ ಎರಡು ಆಯ್ಕೆ, ಇಂಪೋರ್ಟ್ ಮತ್ತು ಕ್ಲಿಯರ್. ಕ್ಲಿಯರ್ ಒತ್ತಿದರೆ ಅರೇ ವಿವರ ಅಳಿಸಿತು. 12 ಡಿಸ್ಕೂ ಕಾಣುತ್ತಿವೆಯೇ ನೋಡಿ, ಕಾಣದಿದ್ದರೆ ಏನನ್ನೂ ಒತ್ತದೆ ಆಫ್ ಮಾಡಿ, ಕೇಬಲ್ ಮತ್ತು ಶೆಲ್ಫ್ ಪವರ್ ನೋಡಿ. 12 ಕಂಡರೆ ಮಾತ್ರ ಇಂಪೋರ್ಟ್. ಎರಡನೆಯದು ವಿಂಡೋಸ್ ಡಿಸ್ಕ್ ಮ್ಯಾನೇಜ್‌ಮೆಂಟ್ 'ಇನಿಷಿಯಲೈಸ್ ಡಿಸ್ಕ್' ಕೇಳುವುದು, ಕ್ಯಾನ್ಸಲ್ ಮಾಡಿ. ಮೂರನೆಯದು ಬೂಟ್ ಆಗುವಾಗ ಬರುವ ಚೆಕ್‌ಡಿಸ್ಕ್ (ವಿಂಡೋಸ್‌ನ ಡಿಸ್ಕ್ ತಪಾಸಣೆ). 80 ಟಿಬಿ ಡ್ರೈವ್ ಮೇಲೆ ದುರಸ್ತಿ ಆಯ್ಕೆಯಲ್ಲಿ ಓಡಿದರೆ ಎಷ್ಟು ಹೊತ್ತು ಹಿಡಿಯುತ್ತದೆಂದು ಹೇಳಲಾಗದು, ರೇಡ್ ಪೂರ್ತಿ ಸರಿಯಾಗುವ ಮೊದಲು ಓಡಿದರೆ ಸರಿಯಿದ್ದ ಕಡತಗಳನ್ನೂ ಕಿತ್ತುಹಾಕಬಹುದು. ಕೀಲಿ ಒತ್ತಿ ತಪ್ಪಿಸಿ.

ಲಿನಕ್ಸ್_ಶಿವಮೊಗ್ಗ:

ಲಿನಕ್ಸ್ ಮೇಲೆ ರೆಕಾರ್ಡರ್ ಓಡಿಸುವವರಿಗೆ ಒಂದು ಮಾತು. ಮೌಂಟ್ ಮಾಡುವಾಗ (ಡಿಸ್ಕನ್ನು ಒಂದು ಫೋಲ್ಡರ್‌ಗೆ ಜೋಡಿಸುವಾಗ) ಯುಯುಐಡಿ ಎಂಬ ಬದಲಾಗದ ಗುರುತು ಬಳಸಿ, ಡಿಸ್ಕಿನ ಹೆಸರು ಬಳಸಬೇಡಿ, ರೀಸ್ಟಾರ್ಟ್ ಆದಾಗ ಹೆಸರು ಅದಲುಬದಲಾಗುತ್ತದೆ. ಐ-ಸ್ಕಸಿ (ನೆಟ್‌ವರ್ಕ್ ಮೂಲಕ ಬರುವ) ಸ್ಟೋರೇಜ್ ತಡವಾಗಿ ಸಿಕ್ಕರೆ ಮೌಂಟ್ ಆಗದ ಖಾಲಿ ಫೋಲ್ಡರ್ ಒಳಗೇ ರೆಕಾರ್ಡರ್ ಬರೆಯಲು ಶುರು ಮಾಡುತ್ತದೆ. ಲೈವ್ ಬರುತ್ತದೆ, ರೆಕಾರ್ಡಿಂಗ್ ಚುಕ್ಕಿಯೂ ಕೆಂಪಾಗಿರುತ್ತದೆ. ಸೆಕೆಂಡಿಗೆ 24 ಎಂಬಿಯಂತೆ ಗಂಟೆಗೆ 86 ಜಿಬಿ, ಸಿಸ್ಟಮ್ ಡಿಸ್ಕ್ ಬೇಗ ತುಂಬಿ ಇಡೀ ಯಂತ್ರ ನಿಲ್ಲುತ್ತದೆ. ತಡೆಯುವ ದಾರಿ: ಮೌಂಟ್ ಮಾಡದಿರುವಾಗ ಆ ಖಾಲಿ ಫೋಲ್ಡರ್‌ಗೆ ಬರೆಯುವ ಅನುಮತಿ ತೆಗೆಯಿರಿ, ಮತ್ತು ಸಿಸ್ಟಮ್‌ಡಿಯಲ್ಲಿ (ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ಎಬ್ಬಿಸುವ ತಂತ್ರಾಂಶ) ರೆಕಾರ್ಡರ್ ಸರ್ವಿಸ್‌ಗೆ ಆ ಮೌಂಟ್ ಕಡ್ಡಾಯ ಎಂದು ಬರೆಯಿರಿ.

ವಿಂಡೋಸ್‌ನಲ್ಲೂ ಇದೇ ರೀತಿ ಡ್ರೈವ್ ಅಕ್ಷರ ಬದಲಾಗುತ್ತದೆ, ವಿಶೇಷವಾಗಿ ಪೆನ್‌ಡ್ರೈವ್ ಚುಚ್ಚಿಟ್ಟೇ ಬೂಟ್ ಮಾಡಿದಾಗ. ಸ್ಟೋರೇಜ್‌ನ ಅಕ್ಷರ ನಿಲ್ಲಿಸುವ ಮೊದಲು ಯಾವುದಿತ್ತು ಎಂದು ಫೋಟೊ ತೆಗೆದಿಡಿ.

ಆಸ್ಪತ್ರೆ_ಐಟಿ:

ಫರ್ಮ್‌ವೇರ್ ಮತ್ತು ರ‍್ಯಾಮ್ ಎರಡನ್ನೂ ಒಟ್ಟಿಗೆ ಮುಗಿಸಬಹುದೇ? ಸಿಸ್ಟಮ್ ಡ್ರೈವ್‌ಗೆ ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಗೂಢಲಿಪಿ ಬೀಗ) ಇದೆ.

ರೇಡ್_ಆರು:

ಒಂದೇ ದಿನ ಮಾಡಿ, ಒಂದೇ ಬೂಟ್‌ನಲ್ಲಿ ಬೇಡ. ಎರಡೂ ಬದಲಿಸಿ ಸರ್ವರ್ ಏಳದಿದ್ದರೆ ತಪ್ಪು ಯಾವುದರದ್ದು ಎಂದು ಗೊತ್ತಾಗುವುದಿಲ್ಲ. ಧೂಳು ತೆಗೆದು, ರ‍್ಯಾಮ್ ಮತ್ತು ಸಿಆರ್2032 ಹಾಕಿ, ಶೆಲ್ಫ್ ಇಲ್ಲದೆಯೇ ಬಯಾಸ್ ತನಕ ಮಾತ್ರ ಆನ್ ಮಾಡಿ. ರ‍್ಯಾಮ್ ಪೂರ್ತಿ ಕಾಣಿಸಿತೇ, ಎಚ್ಚರಿಕೆ ಇದೆಯೇ ನೋಡಿ, ಗಡಿಯಾರ ತಿದ್ದಿ, ಆಫ್ ಮಾಡಿ. ಆರ್‌ಡಿಐಎಂಎಂ ಬಗೆಯ ರ‍್ಯಾಮ್ ಇರುವ ಸರ್ವರ್‌ಗೆ ಯುಡಿಐಎಂಎಂ ಬಗೆಯದ್ದು ಬೆರೆಸಿದರೆ ಬೂಟ್ ಆಗುವುದಿಲ್ಲ, ಹಾಕಬೇಕಾದ ಸ್ಲಾಟ್ ಯಾವುದು ಎನ್ನುವುದು ಮುಚ್ಚಳದ ಒಳಗೆ ಅಂಟಿಸಿರುವ ನಕ್ಷೆಯಲ್ಲಿ ಇರುತ್ತದೆ. ನಂತರ ಶೆಲ್ಫ್ ಆನ್, ವಿಂಡೋಸ್, ಎಲ್ಲ ಸರಿ ಎಂದಾದ ಮೇಲೆ ಫರ್ಮ್‌ವೇರ್, ಮತ್ತೆ ರೀಸ್ಟಾರ್ಟ್. ಈ ಹೊತ್ತಿನಲ್ಲಿ ರೆಕಾರ್ಡಿಂಗ್ ಸರ್ವಿಸ್ ನಿಂತೇ ಇರಬೇಕು. ಯುಪಿಎಸ್ ಬೈಪಾಸ್‌ನಲ್ಲಿರುವಾಗ ಫರ್ಮ್‌ವೇರ್ ಹಾಕಲೇಬೇಡಿ. ಬ್ಯಾಟರಿ ಕೆಲಸ ಮುಗಿದು ಯುಪಿಎಸ್ ಮಾಮೂಲಿ ಸ್ಥಿತಿಗೆ ಬಂದ ಮೇಲೆ ಮಾತ್ರ.

ಬಿಟ್‌ಲಾಕರ್: ಬಯಾಸ್ ಅಥವಾ ಕಂಟ್ರೋಲರ್ ಫರ್ಮ್‌ವೇರ್ ಬದಲಾದರೆ 48 ಅಂಕಿಯ ರಿಕವರಿ ಕೀ ಕೇಳಬಹುದು. ಕೀ ಅದೇ ಸರ್ವರ್‌ನಲ್ಲಿ ಇಟ್ಟಿದ್ದರೆ ಅಲ್ಲಿಗೆ ಮುಗಿಯಿತು. ಕಾಗದದ ಮೇಲೆ ಮುದ್ರಿಸಿ ಕೈಯಲ್ಲಿಡಿ, ನಿಲ್ಲಿಸುವ ಮೊದಲು 'ಸಸ್ಪೆಂಡ್' ಮಾಡಿ. ಕಂಟ್ರೋಲ್ ಪ್ಯಾನಲ್‌ನಿಂದ ಸಸ್ಪೆಂಡ್ ಮಾಡಿದರೆ ಮುಂದಿನ ರೀಸ್ಟಾರ್ಟ್‌ಗೇ ಅದು ಮತ್ತೆ ಜಾರಿಗೆ ಬರುತ್ತದೆ. ನಿಮ್ಮದು ಎರಡು ಮೂರು ರೀಸ್ಟಾರ್ಟ್, ಪವರ್‌ಶೆಲ್‌ನಲ್ಲಿ ರೀಬೂಟ್ ಎಣಿಕೆ ಸೊನ್ನೆ ಕೊಟ್ಟು ಸಸ್ಪೆಂಡ್ ಮಾಡಿದರೆ ನೀವು ಮತ್ತೆ ಜಾರಿ ಮಾಡುವ ತನಕ ಹಾಗೇ ಇರುತ್ತದೆ.

ಧೂಳಿನ ಬಗ್ಗೆ ಒಂದೇ ಮಾತು: ಬ್ಲೋವರ್ ಹಿಡಿಯುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಒತ್ತಿ ಹಿಡಿಯಿರಿ. ಗಾಳಿಗೆ ಅತಿ ವೇಗದಲ್ಲಿ ತಿರುಗಿದರೆ ಬೇರಿಂಗ್ ಹಾಳು.

ಗಡಿಯಾರ_ಸರಿ:

ಎಬ್ಬಿಸುವ ಕ್ರಮವನ್ನು ಒಟ್ಟಾಗಿ ಬರೆಯುತ್ತೇನೆ.

ಯುಪಿಎಸ್ ಬೈಪಾಸ್‌ನಿಂದ ಮಾಮೂಲಿಗೆ, ಸ್ವಿಚ್‌ಗಳು ಆನ್ ಇವೆ. ಡಿಸ್ಕ್ ಶೆಲ್ಫ್ ಆನ್ ಮಾಡಿ, ಡಿಸ್ಕ್‌ಗಳು ಒಂದರ ಹಿಂದೆ ಒಂದು ತಿರುಗಿ ದೀಪ ಸ್ಥಿರವಾಗುವ ತನಕ ಎರಡು ಮೂರು ನಿಮಿಷ ಬಿಡಿ. 12 ಹಸಿರು ದೀಪ ಎಣಿಸಿ. ಒಂದು ಏಳದಿದ್ದರೆ ಸರ್ವರ್ ಆನ್ ಮಾಡುವ ಮೊದಲು ಅದನ್ನು ನೋಡಿ. ಬಯಾಸ್‌ನಲ್ಲಿ 'ಎಸಿ ಪವರ್ ರಿಕವರಿ' ಆನ್ ಇದ್ದರೆ ಪಿಡಿಯು ಒತ್ತಿದ ಕೂಡಲೇ ಸರ್ವರ್ ಶೆಲ್ಫ್‌ಗಿಂತ ಮೊದಲು ಏಳುತ್ತದೆ, ಕೆಲಸದ ದಿನ ಅದನ್ನು ಆಫ್ ಇಡಿ. ಸರ್ವರ್ ಎದ್ದ ಮೇಲೆ ವಿಂಡೋಸ್‌ನಲ್ಲಿ: ದಿನಾಂಕ, ಸಮಯ, ಸಮಯವಲಯ, ಕೈಯಲ್ಲಿರುವ ಮೊಬೈಲ್ ಜೊತೆ ಹೋಲಿಸಿ. ಡ್ರೈವ್ ಅಕ್ಷರ ಅದೇ ಇದೆಯೇ. ಅದರೊಳಗೆ ಹಳೆಯ ಮೀಡಿಯಾ ಡೇಟಾಬೇಸ್ ಫೋಲ್ಡರ್ ಇದೆಯೇ. ಖಾಲಿ ಜಾಗದ ಅಂಕಿ ಮೊದಲಿನಷ್ಟೇ ಇದೆಯೇ. ಏಕಾಏಕಿ ಹೆಚ್ಚಿದ್ದರೆ ಅಲ್ಲೇ ನಿಲ್ಲಿಸಿ. ಎಸ್‌ಕ್ಯೂಎಲ್, ಮ್ಯಾನೇಜ್‌ಮೆಂಟ್, ಇವೆಂಟ್ ಸರ್ವಿಸ್‌ಗಳು ಓಡುತ್ತಿವೆಯೇ. ಈಗ ರೆಕಾರ್ಡಿಂಗ್ ಸರ್ವಿಸ್ ಸ್ಟಾರ್ಟ್.

ಲೈವ್ ಬಂತು ಎಂದು ಕೋಣೆ ಬಿಟ್ಟು ಹೋಗಬೇಡಿ. ಲೈವ್ ಬೇರೆ, ರೆಕಾರ್ಡಿಂಗ್ ಬೇರೆ. ಹತ್ತು ನಿಮಿಷ ಕಾದು ಪ್ಲೇಬ್ಯಾಕ್‌ನಲ್ಲಿ 16 ಕ್ಯಾಮೆರಾಗಳ ಮೂರು ಗುಂಪು ಮಾಡಿ ಎಲ್ಲ 48ನ್ನೂ ಐದು ನಿಮಿಷ ಹಿಂದಕ್ಕೆ ಎಳೆದು ನೋಡಿ. ರಿಸೋರ್ಸ್ ಮಾನಿಟರ್‌ನಲ್ಲಿ ಬರವಣಿಗೆ ಸೆಕೆಂಡಿಗೆ 24 ಎಂಬಿ ಆಸುಪಾಸು ಇರಬೇಕು, 12 ಇದ್ದರೆ ಅರ್ಧ ಕ್ಯಾಮೆರಾ ಬರುತ್ತಿಲ್ಲ. ಎಸ್‌ಡಿ ಕಾರ್ಡ್‌ಗಳಿಂದ ಹಿಂದಿನ ಭಾಗ ಎಳೆಯುತ್ತಿರುವಾಗ ಇದು ಹೆಚ್ಚೇ ಇರುತ್ತದೆ. 48ಕ್ಕೂ ಕಾರ್ಡ್ ಇದ್ದರೆ ಎರಡು ಗಂಟೆಗೆ 173 ಜಿಬಿ ಬರಬೇಕು. ಟೈಮ್‌ಲೈನ್‌ನ ತೀರಾ ಹಳೆಯ ದಿನಾಂಕ, ನಿಲ್ಲಿಸುವ ಮೊದಲು ಬರೆದಿಟ್ಟಿದ್ದೇ ಈಗಲೂ ಇರಬೇಕು, ಆ ದಿನದ ಒಂದು ತುಣುಕು ಓಡಿಸಿ ನೋಡಿ.

ಹುಬ್ಬಳ್ಳಿ_ನೆಟ್‌ವರ್ಕ್:

ಯುಪಿಎಸ್ ಸಾಫ್ಟ್‌ವೇರ್ ಹೊಂದಾಣಿಕೆನೂ ಅದೇ ದಿನ ಮುಗಿಸ್ರಿ. ಬ್ಯಾಟರಿ ಎರಡು ನಿಮಿಷ ಉಳಿದಾಗ ಶಟ್‌ಡೌನ್ ಸೂಚನೆ ಕೊಡೋದು ಇಂಥ ಸರ್ವರ್‌ಗೆ ಸಾಲಂಗಿಲ್ಲ. ರೆಕಾರ್ಡಿಂಗ್ ಸರ್ವಿಸ್ ನಿಂತು, ವಿಂಡೋಸ್ ಮುಚ್ಚಿ, ಡಿಸ್ಕ್ ಬರವಣಿಗೆ ಮುಗಿಯೋದಕ್ಕ ಹತ್ತು ನಿಮಿಷ ಹಿಡಿರಿ. ಅದಕ್ಕ ಹನ್ನೆರಡು ನಿಮಿಷ ಉಳಿದಾಗ ಶುರುವಾಗೋ ಹಂಗ ಇಡ್ರಿ. ಮೊದಲು ರೆಕಾರ್ಡಿಂಗ್ ಸರ್ವಿಸ್ ನಿಲ್ಲಿಸೋ ಸ್ಕ್ರಿಪ್ಟ್, ಆಮೇಲೆ ವಿಂಡೋಸ್ ಶಟ್‌ಡೌನ್.

ರೇಡ್_ಆರು:

ಮರುದಿನ ನೋಡಬೇಕಾದ್ದೂ ಇದೆ. ಕಂಟ್ರೋಲರ್ ಕ್ಯಾಶ್ ಬ್ಯಾಟರಿ ಇಳಿದಿದ್ದರೆ ಕಂಟ್ರೋಲರ್ ತಾನಾಗಿ 'ರೈಟ್ ಥ್ರೂ'ಗೆ (ಕ್ಯಾಶ್‌ನಲ್ಲಿ ಇಡದೆ ನೇರ ಡಿಸ್ಕ್‌ಗೆ ಬರೆಯುವುದು) ಹೋಗುತ್ತದೆ. ರೇಡ್ 6ರಲ್ಲಿ ಸಣ್ಣ ಬರವಣಿಗೆ ಒಂದಕ್ಕೆ ಆರು ಸಲ ಡಿಸ್ಕ್ ಓದಿ ಬರೆಯುವ ಕೆಲಸ, ಕ್ಯಾಶ್ ಇಲ್ಲದೆ 48 ಕ್ಯಾಮೆರಾ ತಡೆಯದೆ ಫ್ರೇಮ್ ಬಿದ್ದುಹೋಗಬಹುದು. ಲಾಗ್‌ನಲ್ಲಿ 'ಮೀಡಿಯಾ ಓವರ್‌ಫ್ಲೋ' ಎಂದು ಬರುತ್ತದೆ. ಬ್ಯಾಟರಿ ಚಾರ್ಜ್ ಆದ ಮೇಲೆ 'ರೈಟ್ ಬ್ಯಾಕ್'ಗೆ (ಮೊದಲು ಕ್ಯಾಶ್, ಆಮೇಲೆ ಡಿಸ್ಕ್) ಮರಳಿದೆಯೇ ನೋಡಿ. ರಾತ್ರಿಯ ಆರ್ಕೈವ್ ಕೆಲಸ ಮುಗಿದಿದೆಯೇ, ಡಿಸ್ಕ್‌ಗಳ ಎರರ್ ಎಣಿಕೆ ಏರಿದೆಯೇ, ಇವನ್ನೂ ಬರೆದಿಡಿ.

ಲಿನಕ್ಸ್_ಶಿವಮೊಗ್ಗ:

ಯಾರೂ ಇನ್ನೂ ಹೇಳದ್ದು: ಎಲ್ಲ ಮುಗಿದ ಮೇಲೆ ರೆಕಾರ್ಡಿಂಗ್ ಸರ್ವಿಸನ್ನು 'ಮ್ಯಾನ್ಯುಯಲ್'ನಿಂದ ಮತ್ತೆ 'ಆಟೊಮ್ಯಾಟಿಕ್ ಡಿಲೇಡ್ ಸ್ಟಾರ್ಟ್'ಗೆ ತನ್ನಿ, ಬಿಟ್‌ಲಾಕರ್ ಮತ್ತೆ ಜಾರಿ ಮಾಡಿ, ಎಸಿ ಪವರ್ ರಿಕವರಿಯನ್ನು ಆನ್ ಮಾಡಿ, ವಿಳಂಬ ಇಡುವ ಸೌಲಭ್ಯ ಇದ್ದರೆ ಮೂರು ನಾಲ್ಕು ನಿಮಿಷ ಇಡಿ. ಮ್ಯಾನ್ಯುಯಲ್ ಹಾಗೇ ಉಳಿದರೆ ಮುಂದಿನ ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದ ರಾತ್ರಿ ಸರ್ವರ್ ಏಳುತ್ತದೆ, ರೆಕಾರ್ಡಿಂಗ್ ಏಳುವುದಿಲ್ಲ. ಕ್ಯಾಮೆರಾ ಆಫ್‌ಲೈನ್ ಆದಾಗ ಬರುವ ಮಾಮೂಲಿ ಎಚ್ಚರಿಕೆಗೂ ಇದು ಸಿಗುವುದಿಲ್ಲ, ಏಕೆಂದರೆ ಕ್ಯಾಮೆರಾಗಳು ಸರಿಯಾಗೇ ಇರುತ್ತವೆ. ಸರ್ವಿಸ್ ನಿಂತರೆ ಮೇಲ್ ಅಥವಾ ಎಸ್‌ಎಂಎಸ್ ಕಳಿಸುವ ಪ್ರತ್ಯೇಕ ಎಚ್ಚರಿಕೆಯನ್ನು ಬೇರೊಂದು ಯಂತ್ರದಿಂದ ಇಡಿ, ರೆಕಾರ್ಡಿಂಗ್ ಸರ್ವರ್‌ನ 7563 ಪೋರ್ಟ್ ಉತ್ತರಿಸುತ್ತಿದೆಯೇ ಎಂದು ನಿಮಿಷಕ್ಕೊಮ್ಮೆ ಕೇಳುವಂತೆ.